ಗಿಟಾರ್ ಮೀಟುವ ಕೈಯ ವೇಗ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಕೈಯ ವೇಗವೆಂದರೆ ಚಂಡೆಯೇ. ಯುದ್ಧದ ಸನ್ನಿವೇಶದಲ್ಲಿ ಚಂಡೆಯವರ ಕೋಲುಗಳು ಕಣ್ಣಿಗೇ ಸಿಗುವುದಿಲ್ಲ. ಆ ವೇಗದಲ್ಲಿ ಚಂಡೆಗೂ ಪಾಲಿದೆ. ಬಿಗಿದ ಚರ್ಮಕ್ಕೆ ಬಿದ್ದ ಕೋಲು ಪುಟಿದು ಮೇಲೇಳುತ್ತದೆ, ಕೆಲಸ ಹಂಚಿಕೊಳ್ಳಲು ಎರಡು ಕೈಗಳಿವೆ. ಗಿಟಾರ್ ಕಲಿಯುವವರಿಗೆ ಈ ಎರಡು ಅನುಕೂಲವೂ ಇಲ್ಲ. ಮೀಟುವುದು ಒಂದೇ ಕೈ. ತಂತಿ ದಾಟಿಹೋದ ಪಿಕ್ಕನ್ನು (ಮೀಟುವ ಪುಟ್ಟ ಬಿಲ್ಲೆಯನ್ನು) ಯಾವುದೂ ವಾಪಸ್ ಎಸೆಯುವುದಿಲ್ಲ, ಕೈಯೇ ತಡೆದು ತಿರುಗಿಸಬೇಕು.

ನಿಮಿಷಕ್ಕೆ 180 ಬೀಟ್, ಬೀಟಿಗೆ ನಾಲ್ಕು ಸ್ವರ ಎಂದರೆ ಸೆಕೆಂಡಿಗೆ 12 ಸ್ವರ. ಕೆಳಗೊಮ್ಮೆ ಮೇಲೊಮ್ಮೆ ಮೀಟಿದರೆ ಮಣಿಕಟ್ಟು ಸೆಕೆಂಡಿಗೆ ಆರು ಸಲ ಹೋಗಿಬರಬೇಕು. ಒಂದು ಸ್ವರಕ್ಕೆ ಸಿಗುವುದು ಸುಮಾರು 83 ಮಿಲಿಸೆಕೆಂಡ್. ಸದ್ದು ಕೇಳಿ ಬೆರಳು ಅಲುಗಿಸಲು ನಮಗೆ ಸುಮಾರು 150 ಮಿಲಿಸೆಕೆಂಡ್ ಬೇಕು. ತಪ್ಪು ಸ್ವರ ಕಿವಿಗೆ ಬಿದ್ದು ಕೈ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಮುಂದಿನ ಸ್ವರವೂ ಬಹುತೇಕ ಮುಗಿದಿರುತ್ತದೆ. ವೇಗದ ವಾದನದಲ್ಲಿ ಮಿದುಳು ಒಂದೊಂದೇ ಸ್ವರಕ್ಕೆ ಆಜ್ಞೆ ಕೊಡುತ್ತ ಕೂರುವುದಿಲ್ಲ, ಇಡೀ ಸರಣಿಯನ್ನು ಮೊದಲೇ ಹೊಂದಿಸಿಕೊಳ್ಳುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ 1951ರಲ್ಲೇ ವಾದಿಸಿದ್ದರು. ಸರಣಿಯೊಳಗೆ ತಪ್ಪು ಸೇರಿಕೊಂಡಿದ್ದರೆ ಅದೂ ಅಷ್ಟೇ ವೇಗವಾಗಿ ಹೊರಬರುತ್ತದೆ. ಹಾಗಾಗಿ ಮೊದಲು ನಿಧಾನ, ಶುದ್ಧ. ಆದರೆ ನಿಧಾನ ಒಂದೇ ಸಾಲದು. ನಾಲ್ಕೈದು ಸ್ವರಗಳನ್ನು ಮಾತ್ರ ಪೂರ್ತಿ ವೇಗದಲ್ಲಿ ನುಡಿಸಿ ನಿಲ್ಲುವ ಅಭ್ಯಾಸವೂ ಬೇಕು, ಏಕೆಂದರೆ ವೇಗದ ಚಲನೆಯೇ ಬೇರೆ.

ಹೆಚ್ಚಿನವರು ಎಡವುವುದು ಬಲ ಹಾಕುವುದರಲ್ಲಿ. ಮಣಿಕಟ್ಟನ್ನು ಒಂದು ಕಡೆ ಎಳೆಯುವ ಸ್ನಾಯುಗಳು ಬಿಗಿದಾಗ ಎದುರು ಕಡೆಯವು ಸಡಿಲಬೇಕು. ಹಲ್ಲು ಕಚ್ಚಿ ವೇಗಕ್ಕೆ ಹೊರಟರೆ ಎರಡೂ ಒಟ್ಟಿಗೆ ಬಿಗಿಯುತ್ತವೆ, ಶಕ್ತಿ ಅವುಗಳ ಜಗ್ಗಾಟಕ್ಕೇ ಖರ್ಚಾಗುತ್ತದೆ. ಬಿಡಿ ತಂತಿಯೊಂದನ್ನು ಮೀಟುತ್ತ ಎಡಗೈಯಿಂದ ಬಲ ಮುಂಗೈ ಮುಟ್ಟಿ ನೋಡಿ. ಸೆಟೆದಿದ್ದರೆ ವೇಗ ಇಳಿಸಿ, ನೋವಿದ್ದರೆ ನಿಲ್ಲಿಸಿ.

ಪಿಕ್ಕಿನ ತುದಿ ತಂತಿಯ ಕೆಳಗೆ ಒಂದೆರಡು ಮಿಲಿಮೀಟರ್ ಇಳಿದರೆ ಸಾಕು. ಚಪ್ಪಟೆಯಾಗಿ ಒತ್ತದೆ, ಅಂಚು ತುಸು ಓರೆಯಾಗಿ ತಾಗುವಂತೆ ಹಿಡಿದರೆ ತಂತಿ ಸಲೀಸಾಗಿ ಜಾರುತ್ತದೆ. ತಂತಿ ಬದಲಿಸುವಾಗ ನಿಜವಾದ ಕಷ್ಟ. ಎರಡು ತಂತಿಗಳ ನಡುವೆ ಸಿಕ್ಕಿದ ಪಿಕ್ ಮೊದಲು ಹೊರಬರಬೇಕು. ಕೈಯ ಓಡಾಟವನ್ನೇ ಕೊಂಚ ಇಳಿಜಾರಾಗಿಸಿದರೆ ಒಂದು ದಿಕ್ಕಿನ ಮೀಟು ತಾನಾಗಿ ತಂತಿಗಳ ಮೇಲಕ್ಕೆ ಬಂದು ನಿಲ್ಲುತ್ತದೆ. ತಂತಿ ಬದಲಿಸುವುದನ್ನು ಆ ಮೀಟಿಗೇ ಹೊಂದಿಸಿಕೊಳ್ಳುವುದು ಜಾಣತನ.

ಮಲೆನಾಡಿನವರಿಗೆ ಇನ್ನೊಂದು ಮಾತು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ, ಹುಲಿಕಲ್ ಸೀಮೆಯಲ್ಲಿ ಗಿಟಾರಿನ ಮರ ತೇವ ಹೀರಿ ಉಬ್ಬುತ್ತದೆ, ತಂತಿ ಫ್ರೆಟ್ಟುಗಳಿಂದ ಮೇಲೇಳುತ್ತದೆ, ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ. ಆಗ ತಂತಿ ಹಿಡಿಯುವ ಎಡಗೈ ಹೆಚ್ಚು ಒತ್ತಬೇಕಾಗಿ ಹಿಂದೆ ಬೀಳುತ್ತದೆ, ಬಲಗೈ ಎಷ್ಟು ಚುರುಕಾಗಿದ್ದರೂ ಸ್ವರ ಕೆಡುತ್ತದೆ. ತೇವ ಆರಲೆಂದು ಒಲೆಯ ಹತ್ತಿರ ಇಡಬೇಡಿ, ಬಿಸಿಗೆ ಅಂಟು ಬಿಡುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಪೆಟ್ಟಿಗೆಯಲ್ಲಿ ಮುಚ್ಚಿಡಿ, ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿ.