ಹಳಿಯಾಚೆಯ ಲಾಸ್ಟ್ ವ್ಯಾಲಿ

ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಬರುವ ನ್ಯೂಜೆರ್ಸಿಯ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಮ್ಯಾನ್‌ವಿಲ್ ಎಂದರೆ ರಸ್ತೆ ಫಲಕದಲ್ಲಿ ಕಾಣುವ ಒಂದು ಹೆಸರು, ಅಷ್ಟೆ. ನಾನೂ ವರ್ಷಗಟ್ಟಲೆ ಅದನ್ನು ಓದಿಕೊಂಡು ಮುಂದೆ ಹೋದವನೇ. ಈ ಸಲ ಕಾರನ್ನು ಆ ಕಡೆ ತಿರುಗಿಸಲು ಕಾರಣ ಸಾಮರ್ಸೆಟ್ ಕೌಂಟಿಯ ವಿಪತ್ತು ತಗ್ಗಿಸುವ ಯೋಜನೆ. ಮ್ಯಾನ್‌ವಿಲ್ ಸೇರಿ ಕೌಂಟಿಯ 21 ಊರುಗಳಿಗೂ ಅದರಲ್ಲಿ ಒಂದೊಂದು ಅಧ್ಯಾಯವಿದೆ. ಜನ ಎಷ್ಟು, ವಯಸ್ಸಾದವರೆಷ್ಟು, ಯಾವ ವರ್ಷ ಯಾವ ಮಳೆ, ಮುಂದೆ ಮಾಡಬೇಕಾದ ಕೆಲಸವೇನು, ಅದಕ್ಕೆ ಯಾರು ಹೊಣೆ ಎಂದು ಸಾಲುಸಾಲಾಗಿ ಬರೆಯುತ್ತಾರೆ. 2000ದ ವಿಪತ್ತು ತಗ್ಗಿಸುವ ಕಾಯ್ದೆಯ ಪ್ರಕಾರ ಇದನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಮಾಡದಿದ್ದರೆ ಕೇಂದ್ರದ ವಿಪತ್ತು ಸಂಸ್ಥೆ ಫೆಮಾದಿಂದ ಇಂಥ ಕೆಲಸಗಳಿಗೆ ಸಿಗುವ ಹಣ ನಿಂತುಹೋಗುತ್ತದೆ.

ಮ್ಯಾನ್‌ವಿಲ್‌ನ ಚರಿತ್ರೆ ಚಿಕ್ಕದು. 1912ರಲ್ಲಿ ಜಾನ್ಸ್-ಮ್ಯಾನ್‌ವಿಲ್ ಕಂಪನಿಯ ಕಲ್ನಾರು ಕಾರ್ಖಾನೆ ಬಂತು. ಪೋಲೆಂಡ್, ಸ್ಲೊವಾಕಿಯಾ, ಉಕ್ರೇನ್ ಕಡೆಯ ಕೂಲಿಯವರು ಬಂದು ನೆಲೆಸಿದರು. 1929ರಲ್ಲಿ ಊರು ಹಿಲ್ಸ್‌ಬರೋದಿಂದ ಬೇರೆಯಾಗಿ ಕಾರ್ಖಾನೆಯ ಹೆಸರನ್ನೇ ಇಟ್ಟುಕೊಂಡಿತು. ಎಂಬತ್ತರ ದಶಕದಲ್ಲಿ ಕಾರ್ಖಾನೆ ಮುಚ್ಚಿತು. ಈಗ ಸುಮಾರು 11,000 ಜನ.

ಚರಿತ್ರೆ ಹೇಳದ್ದನ್ನು ನೆಲ ಹೇಳುತ್ತದೆ. ರಾರಿಟನ್ ಹೊಳೆಗೆ ಮಿಲ್‌ಸ್ಟೋನ್ ಹೊಳೆ ಬಂದು ಸೇರುವುದು ಇಲ್ಲೇ. ನಮ್ಮಲ್ಲಾದರೆ ಇಂಥ ಸಂಗಮದಲ್ಲಿ ಒಂದು ಗುಡಿ ಇರುತ್ತಿತ್ತು, ಜಾತ್ರೆ ನಡೆಯುತ್ತಿತ್ತು. ಇಲ್ಲಿ ಕೂಲಿಕಾರರ ಚಿಕ್ಕ ಮನೆಗಳಿವೆ. ದೊಡ್ಡ ಮಳೆಯಲ್ಲಿ ರಾರಿಟನ್ ಉಬ್ಬಿ ನಿಂತರೆ ಮಿಲ್‌ಸ್ಟೋನ್‌ಗೆ ಹರಿದುಹೋಗಲು ದಾರಿಯಿಲ್ಲ, ಅದು ಹಿಂದಕ್ಕೆ ಏರಿ ಬೀದಿಗೆ ಬರುತ್ತದೆ. ರೈಲು ಹಳಿಗಳಾಚೆಗಿನ ಕೇರಿಗೆ ಲಾಸ್ಟ್ ವ್ಯಾಲಿ, ಕಳೆದುಹೋದ ಕಣಿವೆ ಎಂದು ಹೆಸರು. ಅದನ್ನು ಮುಳುಗಿಸಿದ ಚಂಡಮಾರುತಗಳು: 1971ರಲ್ಲಿ ಡೋರಿಯಾ, 1999ರಲ್ಲಿ ಫ್ಲಾಯ್ಡ್, 2011ರಲ್ಲಿ ಐರೀನ್, 2021ರಲ್ಲಿ ಐಡಾ. ಇಲ್ಲಿನವರು ವಯಸ್ಸನ್ನೂ ಚಂಡಮಾರುತದ ಹೆಸರಿನಲ್ಲೇ ಎಣಿಸುತ್ತಾರೆ: ಮಗ ಹುಟ್ಟಿದ್ದು ಫ್ಲಾಯ್ಡ್ ವರ್ಷ, ಅಪ್ಪ ತೀರಿಕೊಂಡದ್ದು ಐರೀನ್‌ಗೆ ಮೊದಲು.

ಕೇರಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಮನೆಗಳಲ್ಲ, ಮನೆಗಳ ನಡುವಿನ ಹುಲ್ಲು. ಹುಲ್ಲಿನ ಮುಂದೆ ಕಾರು ಒಳಗೆ ಬರಲೆಂದು ತಗ್ಗಿಸಿದ ಕಲ್ಲಿನಂಚು ಇನ್ನೂ ಹಾಗೇ ಇದೆ. ರಾಜ್ಯ ಸರ್ಕಾರ 'ಬ್ಲೂ ಏಕರ್ಸ್' ಯೋಜನೆಯಲ್ಲಿ ಮನೆ ಕೊಂಡು ಕೆಡವಿದ ಜಾಗಗಳಿವು. ಅಲ್ಲಿ ಇನ್ನೆಂದೂ ಯಾರೂ ಕಟ್ಟುವಂತಿಲ್ಲ. ಒಂದು ಮನೆ, ಎರಡು ಹುಲ್ಲು, ಮತ್ತೊಂದು ಮನೆ. ಹಲ್ಲು ಬಿದ್ದ ಬಾಯಿಯಂತೆ ಕಾಣುವ ಆ ಬೀದಿಯಲ್ಲಿ ನಿಂತು ಕೈಯಲ್ಲಿದ್ದ ಅಧ್ಯಾಯವನ್ನು ಓದುವುದು ಕಷ್ಟವಾಯಿತು.

ಅಲ್ಲಿ ಸಿಕ್ಕವರು ನೆರೆ ಮುಟ್ಟದ ಎತ್ತರಕ್ಕೆ ಮನೆ ಎತ್ತುವ ಮೇಸ್ತ್ರಿ. ಒಂದು ಹಳೇ ಮರದ ಮನೆ ಅಡ್ಡಡ್ಡ ಪೇರಿಸಿದ ದಿಮ್ಮಿಗಳ ಮೇಲೆ ಆಕಾಶದಲ್ಲಿ ಕೂತಿತ್ತು, ಕಿಟಕಿಯ ಪರದೆಗಳೂ ಹಾಗೇ ಇದ್ದವು. ಮೊದಲು ನೀರು, ಗ್ಯಾಸ್, ಕರೆಂಟು ಬಿಡಿಸಬೇಕು. ಅಡಿಪಾಯದ ಗೋಡೆಯಲ್ಲಿ ಕಿಂಡಿ ಕೊರೆದು ಉಕ್ಕಿನ ತೊಲೆ ತೂರಿಸಬೇಕು. ಆಮೇಲೆ ಎಲ್ಲ ಜಾಕುಗಳೂ ಒಂದೇ ಸಮ ಏರಬೇಕು. ಇಂಚಿಂಚಾಗಿ ಏರಿಸುವುದು, ದಿಮ್ಮಿ ಕೊಡುವುದು, ಮತ್ತೆ ಏರಿಸುವುದು. ಒಂದು ಮೂಲೆ ಹಿಂದೆ ಬಿದ್ದರೆ ಗೋಡೆಯ ಗಾರೆ ಮೊದಲು ಚಿಟಚಿಟ ಅನ್ನುತ್ತದಂತೆ. ಅವರು ಯಂತ್ರದ ಮುಳ್ಳಿಗಿಂತ ಆ ಸದ್ದನ್ನೇ ನಂಬುತ್ತಾರೆ. ಬೆಂಗಳೂರಿನಲ್ಲಿ ರಸ್ತೆ ಎತ್ತರವಾಗಿ ತಗ್ಗಿಗೆ ಬಿದ್ದ ಮನೆಗಳನ್ನು ಹರಿಯಾಣದ ತಂಡಗಳು ಜಾಕ್ ಕೊಟ್ಟು ಎತ್ತುತ್ತವೆ ಎಂದು ಹೇಳಿದೆ. ಇಟ್ಟಿಗೆ ಮನೆಯನ್ನೇ? ಎಂದು ಕೇಳಿದರು. ಕೆಲಸ ನಿಲ್ಲಿಸಿ ಮತ್ತೆ ಮತ್ತೆ ಕೇಳಿದರು.

ಎತ್ತಿದ ಮೇಲೆ ಕೆಳಗೆ ಕಟ್ಟುವ ಗೋಡೆ ನೀರನ್ನು ತಡೆಯಬಾರದು, ಒಳಗೆ ಬಿಡಬೇಕು. ಪ್ರತಿ ಚದರ ಅಡಿ ನೆಲಕ್ಕೆ ಒಂದು ಚದರ ಇಂಚು ತೆರಪು ಎಂಬುದು ಲೆಕ್ಕ. ಒಳಗೂ ಹೊರಗೂ ನೀರು ಸಮ ಇದ್ದರೆ ಗೋಡೆ ಉಳಿಯುತ್ತದೆ. ಬಾಯ್ಲರ್, ಕರೆಂಟಿನ ಪೆಟ್ಟಿಗೆ ಎಲ್ಲ ಮೇಲಕ್ಕೆ. ಇದು ಬರೀ ಅಚ್ಚುಕಟ್ಟಿನ ಮಾತಲ್ಲ, ಪ್ರಾಣದ ಮಾತು. 2021ರ ಸೆಪ್ಟೆಂಬರ್ 1ರ ಐಡಾ ಮಳೆಯಲ್ಲಿ ಇಲ್ಲಿ ಗ್ಯಾಸ್ ಸೋರಿ ಮನೆಗಳು ಸಿಡಿದು ಹೊತ್ತಿ ಉರಿದವು. ಸುತ್ತ ನೀರು, ಅಗ್ನಿಶಾಮಕದ ಗಾಡಿ ಹತ್ತಿರ ಬರಲಾಗಲಿಲ್ಲ. ಅದೇ ವಾರ ಊರಿನ ಒಂದು ಭಾರತೀಯ ಔತಣ ಮಂದಿರವೂ ಸ್ಫೋಟದಲ್ಲಿ ನೆಲಸಮವಾಯಿತು.

ಮೇಸ್ತ್ರಿಯ ಸಂಕಟ ಬೇರೆ. ಎತ್ತುವ ಕೆಲಸ ಈ ಕೇರಿಯಲ್ಲಿ ಕಡಿಮೆಯಾಗುತ್ತಿದೆ. ಐಡಾ ನಂತರ ಇಲ್ಲಿ ಮನೆ ಎತ್ತಲು ಹಣ ಕೊಡುವುದಕ್ಕಿಂತ ಮನೆ ಕೊಂಡು ಕೆಡವುವುದರ ಕಡೆಗೇ ರಾಜ್ಯದ ಒಲವು. ಅಧಿಕಾರಿಗಳ ವಾದವನ್ನು ನಾನು ತಳ್ಳಿಹಾಕಲಾರೆ: ಮನೆ ಮೇಲಿದ್ದರೂ ಬೀದಿ ಕೆಳಗೇ ಇರುತ್ತದೆ, ನಡುರಾತ್ರಿ ಎದೆನೋವು ಬಂದವರನ್ನು ದೋಣಿಯಲ್ಲೇ ಸಾಗಿಸಬೇಕು. ಆದರೆ ಕೊಟ್ಟ ದುಡ್ಡಿಗೆ ಈ ಕೌಂಟಿಯಲ್ಲಿ ಇನ್ನೊಂದು ಮನೆ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಸಾಮರ್ಸೆಟ್ ಅಮೆರಿಕದ ಸಿರಿವಂತ ಕೌಂಟಿಗಳಲ್ಲೊಂದು, ದುಡಿಯುವವನಿಗೆ ಇಲ್ಲಿ ಕೈಗೆಟಕುವಂತೆ ಉಳಿದ ಕೆಲವೇ ಊರುಗಳಲ್ಲಿ ಮ್ಯಾನ್‌ವಿಲ್ ಒಂದು.

ನನ್ನನ್ನು ಹೆಚ್ಚು ನೋಯಿಸಿದ್ದು ನೆರೆ ತಡೆಯುವ ಒಡ್ಡಿನ ಕಥೆ. ಪಕ್ಕದ ಬೌಂಡ್ ಬ್ರೂಕ್‌ಗೆ ಗ್ರೀನ್ ಬ್ರೂಕ್ ಯೋಜನೆಯಲ್ಲಿ ಸೇನೆಯ ಎಂಜಿನಿಯರುಗಳು ಒಡ್ಡು ಕಟ್ಟಿದರು, ಪಂಪು ಕೂರಿಸಿದರು. ಮಿಲ್‌ಸ್ಟೋನ್ ಕಡೆಗೂ ಅವರು ಅಧ್ಯಯನ ಮಾಡಿದರು, ಆದರೆ ವೆಚ್ಚಕ್ಕೆ ತಕ್ಕ ಲಾಭ ಹುಟ್ಟುವುದಿಲ್ಲವೆಂದು ಯಾವ ಕಾಮಗಾರಿಯನ್ನೂ ಶಿಫಾರಸು ಮಾಡಲಿಲ್ಲ. ಈ ಲೆಕ್ಕದಲ್ಲಿ ಲಾಭವೆಂದರೆ ತಪ್ಪುವ ನಷ್ಟ. ಮನೆಯ ಬೆಲೆ ಕಡಿಮೆಯಿದ್ದರೆ ತಪ್ಪುವ ನಷ್ಟವೂ ಕಡಿಮೆ, ಹಾಗಾಗಿ ಬಡವನ ಮನೆ ಎಷ್ಟು ಸಲ ಮುಳುಗಿದರೂ ತಕ್ಕಡಿ ಅವನ ಕಡೆ ವಾಲುವುದು ಕಷ್ಟ. ಕೌಂಟಿಯ ಅಧ್ಯಾಯವನ್ನು ಶ್ರದ್ಧೆಯಿಂದ ಬರೆದಿದ್ದಾರೆ, ಅದರಲ್ಲಿ ಸುಳ್ಳಿಲ್ಲ. ಆದರೆ 'ಪದೇ ಪದೇ ನಷ್ಟಕ್ಕೀಡಾದ ಆಸ್ತಿ' ಎಂದು ಅದು ಕರೆಯುವ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಮನೆ ಎತ್ತಿದ ಮೇಲೆ ಹದಿನಾಲ್ಕು ಮೆಟ್ಟಿಲು ಹತ್ತಬೇಕು, ಅದಕ್ಕೇ ತರಕಾರಿ ಚೀಲವನ್ನು ಹಗ್ಗ ಕಟ್ಟಿ ಎಳೆದುಕೊಳ್ಳುತ್ತೇನೆ ಎಂದು ತೋರಿಸಿದರು. ಎಡಕ್ಕಿದ್ದ ನೆರೆಯವರು ಮನೆ ಮಾರಿ ಪೆನ್ಸಿಲ್ವೇನಿಯಾಕ್ಕೆ ಹೋದರಂತೆ. ಬಲಕ್ಕಿದ್ದವರು ಎಲ್ಲಿಗೆಂದು ಅವರಿಗೆ ತಿಳಿಯದು.

ಸಂಜೆ ಮೋಡ ಕವಿಯಿತು. ಮೇಸ್ತ್ರಿ ಫೋನಿನಲ್ಲಿ ಹೊಳೆಯ ಮಟ್ಟ ನೋಡಿದರು. ಬೌಂಡ್ ಬ್ರೂಕ್ ಮಾಪಕದಲ್ಲಿ 28 ಅಡಿಗೆ ನೆರೆ ಎನ್ನುತ್ತಾರೆ, ಫ್ಲಾಯ್ಡ್‌ನಲ್ಲಿ ಅದು 42 ದಾಟಿತ್ತು. ಅಂದಿನ ಅಂಕಿ ಅದಕ್ಕೆಲ್ಲ ಬಹಳ ಕೆಳಗಿತ್ತು. ಆದರೂ ಜಾಕುಗಳನ್ನು ಲಾರಿಗೆ ತುಂಬಿದರು, ರಾತ್ರಿ ಮಳೆಯೆಂದಿದ್ದರೆ ಲಾರಿಯನ್ನು ಇಲ್ಲಿ ನಿಲ್ಲಿಸುವುದಿಲ್ಲ ಎಂದರು. ಅವರ ಹಿಂದೆಯೇ ನಾನೂ ಹಳಿ ದಾಟಿ ಈಚೆಗೆ ಬಂದೆ. ಇಲ್ಲಿನ ಎತ್ತರದ ಬೀದಿಯಲ್ಲಿ ಆಗಲೇ ಹತ್ತಾರು ಕಾರು ಸಾಲಾಗಿ ನಿಂತಿದ್ದವು, ಮಾಲೀಕರು ಅವನ್ನು ಬಿಟ್ಟು ಕೊಡೆ ಹಿಡಿದು ಲಾಸ್ಟ್ ವ್ಯಾಲಿಗೆ ನಡೆದು ಹೋಗುತ್ತಿದ್ದರು.