ಕೇಳಿದರೆ ಸಲ್ಲುವ ಕೊಂಬು

ಮಲ್ಲಟ, ಮಾನ್ವಿ, ಲಿಂಗಸುಗೂರು ಸೀಮೆಯ ಕೆಂಗುರಿ ಹಿಂಡಿನಲ್ಲಿ ಟಗರನ್ನು ದೂರದಿಂದಲೇ ಗುರುತಿಸಬಹುದು. ಹೆಣ್ಣು ಕುರಿಗಳಿಗೆ ಸಾಮಾನ್ಯವಾಗಿ ಕೊಂಬಿರುವುದಿಲ್ಲ, ಟಗರಿಗೆ ಇರುತ್ತದೆ. ನಮ್ಮ ಕಡೆ ಆ ಕೊಂಬಿಗೆ ಬೆಲೆ ಕಾಳಗದ ಕಣದಲ್ಲಿ. ಯೆಹೂದ್ಯರಲ್ಲಿ ಟಗರಿನ ಕೊಂಬು ಹೊಸ ವರ್ಷದ ದಿನ ದೇವರ ಮುಂದೆ ಊದುವ ವಾದ್ಯ. ಅದರ ಹೆಸರು ಶೋಫಾರ್.

ಮಾಡುವ ಬಗೆ ಕುರಿ ಸಾಕಿದವರಿಗೆ ಬೇಗ ತಿಳಿಯುತ್ತದೆ. ಕೊಂಬಿನ ಹೊರಗಿನದು ಉಗುರಿನ ಜಾತಿಯ ವಸ್ತು, ಒಳಗೆ ಎಲುಬು. ಒಣಗಿಸಿಯೋ ಕುದಿಸಿಯೋ ಎಲುಬನ್ನು ಎಳೆದು ತೆಗೆಯುತ್ತಾರೆ. ತುದಿಯಲ್ಲಿ ಮಾತ್ರ ಪೊಳ್ಳಿಲ್ಲ. ಅದನ್ನು ಕೊಯ್ದು, ಕಾಸಿ ತುಸು ನೆಟ್ಟಗೆ ಮಾಡಿ, ಒಳಗಿನ ಪೊಳ್ಳು ಸಿಗುವವರೆಗೆ ತೂತು ಕೊರೆಯುತ್ತಾರೆ. ಕೊರೆಯುವುದು ಪಕ್ಕಕ್ಕೆ ಸರಿದು ಕೊಂಬು ಒಡೆದರೆ ಪಟ್ಟ ಶ್ರಮವೆಲ್ಲ ಹೋಯಿತು. ಉದ್ದಕ್ಕೆ ಸೀಳಿದ ಕೊಂಬು ಸಲ್ಲದು. ಬಾಯಿ ಇಡುವಲ್ಲಿ ಬಂಗಾರ ಹೊದಿಸಿದರೂ ಸಲ್ಲದು. ಆಡಿನ ಕೊಂಬು ನಡೆಯುತ್ತದೆ, ದನದ ಕೊಂಬು ನಡೆಯದು. ಹಿಂದೊಮ್ಮೆ ಬಂಗಾರದ ಕರು ಮಾಡಿ ಪೂಜಿಸಿದ ಪಾಪವನ್ನು ಅದು ನೆನಪಿಸುತ್ತದೆಂದು ಧರ್ಮಗುರುಗಳು ಕಾರಣ ಕೊಟ್ಟಿದ್ದಾರೆ. ನಮ್ಮ ಜಾತ್ರೆಗಳ ಕೊಂಬು ಕಹಳೆಗಳು ಎಂದೋ ತಾಮ್ರ, ಹಿತ್ತಾಳೆಗೆ ಬಂದವು. ಶೋಫಾರ್ ಮಾತ್ರ ಪ್ರಾಣಿಯ ಕೊಂಬಿನಲ್ಲೇ ನಿಂತಿದೆ.

ಟಗರೇ ಏಕೆ ಎಂಬುದಕ್ಕೆ ಇರುವ ಕಥೆ ನಮ್ಮ ಊರುಗಳಿಗೆ ಹೊಸದಲ್ಲ. ಬಕ್ರೀದ್ ನೆನೆಯುವ ಇಬ್ರಾಹಿಮರ ಬಲಿದಾನದ ಕಥೆಯೇ ಅದು. ಯೆಹೂದ್ಯರ ಗ್ರಂಥದಲ್ಲಿ ಮಗ ಇಸಾಕ. ಅವನ ಬದಲಿಗೆ ಬಲಿಯಾದದ್ದು ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ ಟಗರು.

ಹೊಸ ವರ್ಷದ ಹಬ್ಬ ರೋಶ್ ಹಶಾನಾ ಸೆಪ್ಟೆಂಬರ್ ಇಲ್ಲವೆ ಅಕ್ಟೋಬರಿನಲ್ಲಿ ಬರುತ್ತದೆ. ಆಗ 100 ಸಲ ಊದುವ ವಾಡಿಕೆ ಹೆಚ್ಚಿನ ಕಡೆ ಇದೆ. ತೆಕಿಯಾ ಎಂದರೆ ಒಂದೇ ಉದ್ದನೆಯ ದನಿ. ಶೆವಾರಿಮ್ ಮೂರು ತುಂಡು, ನಿಟ್ಟುಸಿರು ಬಿಟ್ಟಂತೆ. ತೆರುವಾ ಒಂಬತ್ತು ಚಿಕ್ಕ ಚಿಕ್ಕ ದನಿ, ಬಿಕ್ಕಿದಂತೆ. ಈ ಎರಡು ಬಗೆಯ ಅಳು ಬಂದದ್ದು ಒಂದು ಚರ್ಚೆಯಿಂದ. ಗ್ರಂಥ ಹೇಳಿದ ದನಿ ನರಳಿಕೆಯೋ ಬಿಕ್ಕಳಿಕೆಯೋ ಎಂದು ಧರ್ಮಚರ್ಚೆಗಳ ಗ್ರಂಥ ತಾಲ್ಮುದ್‌ನ ಪಂಡಿತರು ವಿಚಾರ ಮಾಡಿದರು. ಅದಕ್ಕೆ ಅವರು ಆಧಾರವಾಗಿ ತೆಗೆದುಕೊಂಡದ್ದು ಸಿಸೆರನ ತಾಯಿಯ ಅಳುವನ್ನು. ಸಿಸೆರ ಇಸ್ರೇಲರ ಮೇಲೆ ದಂಡೆತ್ತಿ ಬಂದ ಸೇನಾಪತಿ. ಅವನು ಸತ್ತಿದ್ದಾನೆ, ತಾಯಿ ಕಿಟಕಿಯಲ್ಲಿ ಕಾಯುತ್ತಿದ್ದಾಳೆ. ತಮ್ಮ ಅತಿ ಪವಿತ್ರ ದನಿಗೆ ಶತ್ರುವಿನ ತಾಯಿಯ ಸಂಕಟವನ್ನು ಅಳತೆಗೋಲಾಗಿ ಇಟ್ಟುಕೊಂಡ ಈ ಮಾತು ಓದಿದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ. ಅವಳು ನರಳಿದಳೋ ಬಿಕ್ಕಿದಳೋ ತೀರ್ಮಾನವಾಗದೆ, ಇಂದಿಗೂ ಎರಡನ್ನೂ ಊದುತ್ತಾರೆ.

ಇನ್ನೊಂದು ಮಾತು. ಊದುವ ಮುನ್ನ ಹೇಳುವ ಪ್ರಾರ್ಥನೆಯಲ್ಲಿ ದೇವರ ಆಜ್ಞೆ ಇರುವುದು ಕೊಂಬಿನ ದನಿಯನ್ನು ಕೇಳಬೇಕು ಎಂದು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದಿ ಧರ್ಮನಿಯಮಗಳ ಗ್ರಂಥ ಮಿಶ್ನಾ ಇದನ್ನು ಬಿಡಿಸಿ ಹೇಳುತ್ತದೆ: ಹಗೇವಿನಂಥ ಗುಂಡಿಯೊಳಗೆ ಊದಿದಾಗ ಕೊಂಬಿನ ದನಿಯೇ ಕಿವಿಗೆ ಬಿದ್ದರೆ ಸಂದಿತು, ಬರೀ ಮಾರ್ದನಿ ಬಿದ್ದರೆ ಸಲ್ಲದು. ಪ್ರಾರ್ಥನಾ ಮಂದಿರದ ಹಿಂದೆ ಹಾದು ಹೋಗುವವನು ಮನಸ್ಸಿಟ್ಟು ಕೇಳಿದರೆ ಅವನಿಗೂ ಸಂದಿತು.

ಈ ದನಿಗೆ ಕನ್ನಡ ನೆಲದ ನಂಟೂ ಉಂಟು. ಕೊಂಕಣದ ಬೆನೆ ಇಸ್ರೇಲ್ ಯೆಹೂದ್ಯರಲ್ಲಿ ಒಬ್ಬರಾದ ಸ್ಯಾಮ್ಯುಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು ಟಿಪ್ಪು ಸುಲ್ತಾನನ ಸೆರೆ ಸಿಕ್ಕರು. ಇವರು ಬನಿ ಇಸ್ರಾಯಿಲರು, ಕುರಾನಿನಲ್ಲಿ ಹೆಸರಿರುವ ಜನ ಎಂದು ಟಿಪ್ಪುವಿನ ತಾಯಿ ಜೀವ ಉಳಿಸಿದಳೆಂಬುದು ಆ ಸಮುದಾಯ ಹೇಳಿಕೊಂಡು ಬಂದ ಕಥೆ. ಬಿಡುಗಡೆಯಾದ ದಿವೇಕರ್ 1796ರಲ್ಲಿ ಮುಂಬೈಯಲ್ಲಿ ಆ ಊರಿನ ಮೊದಲ ಯೆಹೂದಿ ಪ್ರಾರ್ಥನಾ ಮಂದಿರ ಕಟ್ಟಿಸಿದರು. 1860ರಲ್ಲಿ ಅದು ಈಗಿರುವ ಜಾಗಕ್ಕೆ ಬಂತು. ಬೆನೆ ಇಸ್ರೇಲರು ಹೊಸ ವರ್ಷಕ್ಕೆ ಮರಾಠಿಯಲ್ಲಿ ನವ್ಯಾಚಾ ಸಣ ಎಂದರು. ಆ ದಿನದಿಂದ ಎಣಿಸಿ ಹತ್ತನೆಯ ದಿನಕ್ಕೆ ಬರುವ ಉಪವಾಸದ ಹಬ್ಬ ಅವರ ಬಾಯಲ್ಲಿ ಬಾಗಿಲು ಮುಚ್ಚುವ ಹಬ್ಬ. ಆ ದಿನ ಕತ್ತಲಾದ ಮೇಲೆ ಕೊಂಬು ಊದಿದರೆ ಉಪವಾಸ ಮುಗಿಯಿತು.

ಬೆನೆ ಇಸ್ರೇಲರಲ್ಲಿ ಬಹುಪಾಲು ಜನ ಈಗ ಇಸ್ರೇಲಿನಲ್ಲಿದ್ದಾರೆ. ಆದರೂ ಮುಂಬೈ ಮಂದಿರ ಇದೆ. ರಾಯಚೂರಿನಲ್ಲಿ ಮುಂಬೈ ರೈಲು ಹತ್ತಿದವರು ಮುಂಬೈಯಲ್ಲಿ ಲೋಕಲ್ ರೈಲಿಗೆ ಬದಲಾಯಿಸಿ ಸಿಎಸ್‌ಎಂಟಿಯ ಪಕ್ಕದ ಮಸ್ಜಿದ್ ಸ್ಟೇಶನ್ನಿನಲ್ಲಿ ಇಳಿದರೆ ಹತ್ತಿರ. ಹಬ್ಬದ ಹೊತ್ತಿಗೆ ಹೋಗುವುದಾದರೆ ಮೊದಲೇ ಅಲ್ಲಿನವರ ಅಪ್ಪಣೆ ಕೇಳಿಕೊಳ್ಳಿ.