ಹೊರಬಿದ್ದದ್ದು ಹೇಳುವ ಮಾತು

ಮಾಗಡಿ ಬಳಿಯ ಸೋಲೂರಿನ ಕಡೆ ರೇಷ್ಮೆ ಹುಳು ಸಾಕುವವರು ತಟ್ಟೆಗೆ ಬಗ್ಗಿದಾಗ ಹಿಕ್ಕೆಯ ಮೇಲೂ ಒಂದು ಕಣ್ಣಿಟ್ಟಿರುತ್ತಾರೆ. ಅದು ಗಟ್ಟಿಯಿದ್ದರೆ ನೆಮ್ಮದಿ, ನೀರಾಗಿದ್ದರೆ ಹುಳುವಿಗೆ ರೋಗ ತಗುಲಿದ ಗುಮಾನಿ. ಒಳಗೆ ಹೋದದ್ದು ಏನಾಯಿತೆಂದು ಹೊರಬಿದ್ದದ್ದನ್ನು ಕೇಳುವುದು ಅವರ ರೂಢಿ. ಮಾದಕ ವಸ್ತುಗಳ ಮೂತ್ರ ಪರೀಕ್ಷೆ ನಡೆದುಬಂದ ದಾರಿಯೂ ಇದೇ.

ಉತ್ತೇಜಕ ವಸ್ತುವಾದ ಆಂಫೆಟಮಿನ್ ತಯಾರಾದದ್ದು 1887ರಲ್ಲಿ, ಬರ್ಲಿನ್‌ನಲ್ಲಿ. ಮೂತ್ರದಲ್ಲಿ ಅದನ್ನು ಹಿಡಿಯುವ ಕೆಲಸ ಚುರುಕಾಗಲು 1960ರ ದಶಕದ ಸೈಕಲ್ ಪಂದ್ಯಗಳು ಬರಬೇಕಾಯಿತು. ಮೂತ್ರ ಹುಳಿಯಾದಷ್ಟೂ ಅದು ಬೇಗ ಹೊರಬೀಳುತ್ತದೆ ಎಂದು ಲಂಡನ್ನಿನ ವಿಜ್ಞಾನಿ ಆರ್ನಾಲ್ಡ್ ಬೆಕೆಟ್ ತೋರಿಸಿದರು. ಮುಂದೆ ನಿಮಿಷಗಳಲ್ಲಿ ಫಲಿತಾಂಶ ಕೊಡುವ ಪರೀಕ್ಷಾ ಪಟ್ಟಿಗಳು ಬಂದವು. ಅವುಗಳಲ್ಲಿರುವ ಪ್ರತಿಕಾಯ ಅಣುವಿನ ಆಕಾರವನ್ನಷ್ಟೇ ಗುರುತಿಸುತ್ತದೆ.

ಮಾದಕ ತಯಾರಕರು ಆ ಆಕಾರವನ್ನೇ ತಿದ್ದಿದರು. 1929ರಲ್ಲೇ ಪ್ರಯೋಗಾಲಯದಲ್ಲಿ ಹುಟ್ಟಿ ಮರೆತುಹೋಗಿದ್ದ ಮೆಫೆಡ್ರೋನ್ ಈ ಶತಮಾನದಲ್ಲಿ ಮಾರುಕಟ್ಟೆಗೆ ಬಂತು. ಭಾರತ 2015ರಲ್ಲಿ ಅದನ್ನು ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ ತಂದಿತು. ಅಣುವಿಗೆ ಆಮ್ಲಜನಕದ ಒಂದು ಪರಮಾಣು ಸೇರಿದ್ದರಿಂದ ಆಂಫೆಟಮಿನ್ ಪಟ್ಟಿಗಳು ಅನೇಕ ಸಲ ಅದನ್ನು ಕಾಣುವುದೇ ಇಲ್ಲ.

ಜರ್ಮನಿಯ ಹೊಂಬುರ್ಗ್‌ನಲ್ಲಿ ಹಾನ್ಸ್ ಮೌರರ್ ತಂಡ ಬೇರೆ ದಾರಿ ಹಿಡಿಯಿತು. ಇಲಿಗಳಿಗೆ ವಸ್ತು ಕೊಟ್ಟು, ಅವುಗಳ ಮೂತ್ರದಲ್ಲಿ ಏನೇನು ಉಳಿಯಿತೆಂದು ಪಟ್ಟಿಮಾಡಿತು. ಯಕೃತ್ತು ಎಂಡಿಎಂಎ ಎಂಬ ಮಾದಕದ ಅಣುವಿನ ಒಂದು ಉಂಗುರವನ್ನು ಒಡೆಯುತ್ತದೆ, ಆಮೇಲೆ ಅದಕ್ಕೆ ಸಕ್ಕರೆಯ ಆಮ್ಲವನ್ನೋ ಸಲ್ಫೇಟನ್ನೋ ಅಂಟಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಮೆಫೆಡ್ರೋನಿನ ಸಾರಜನಕಕ್ಕಿರುವ ಮೀಥೈಲ್ ಕತ್ತರಿಸುತ್ತದೆ, ಇನ್ನೊಂದು ತುದಿಯನ್ನು ಆಮ್ಲವಾಗಿಸುತ್ತದೆ. ಅಣು ಹೊಸದಾದರೂ ಯಕೃತ್ತಿನ ಹತಾರಗಳು ಹಳೆಯವೇ. ಅವು ಬಿಟ್ಟ ಗುರುತನ್ನು ಇಂದು ಮಾಸ್ ಸ್ಪೆಕ್ಟ್ರೋಮೀಟರ್ ತೂಗಿ ಹುಡುಕುತ್ತದೆ.

ಬೆಂಗಳೂರಿನ ಮಾದಕ ಪ್ರಕರಣಗಳಲ್ಲಿ ದೇಹದ ಬೇರೆ ದಫ್ತರಗಳನ್ನೂ ತೆರೆಯಲಾಯಿತು. 2020ರ ಚಿತ್ರರಂಗದ ಪ್ರಕರಣದಲ್ಲಿ ಆರೋಪಿಗಳ ಕೂದಲು ಪರೀಕ್ಷೆಗೆ ಹೈದರಾಬಾದಿಗೆ ಹೋಯಿತು; 2024ರ ಮೇ ತಿಂಗಳ ಎಲೆಕ್ಟ್ರಾನಿಕ್ ಸಿಟಿ ಪಾರ್ಟಿಯ ನಂತರ 86 ಜನರ ರಕ್ತದಲ್ಲಿ ಮಾದಕ ಅಂಶ ಸಿಕ್ಕಿತೆಂದು ಪೊಲೀಸರು ತಿಳಿಸಿದರು. ರಕ್ತದ ನೆನಪು ಗಂಟೆಗಳದ್ದು, ಮೂತ್ರದ್ದು ಕೆಲವು ದಿನಗಳದ್ದು, ಕೂದಲಿನದು ತಿಂಗಳುಗಳದ್ದು. ಮೂತ್ರಕ್ಕೆ ನೀರು ಬೆರೆಸಿದರೆ ಅದರ ಬಿಸುಪು ಮತ್ತು ಕ್ರಿಯಾಟಿನಿನ್ ಪ್ರಮಾಣವೇ ಚಾಡಿ ಹೇಳುತ್ತವೆ.

ಪರೀಕ್ಷಾ ಪಟ್ಟಿ ತಪ್ಪುವುದೂ ಉಂಟು, ನೆಗಡಿಯ ಕೆಲವು ಮಾತ್ರೆಗಳಿಗೂ ಅದು ಮಾದಕದ ಹಣೆಪಟ್ಟಿ ಹಚ್ಚಬಹುದು. ನೀರಾದ ಹಿಕ್ಕೆ ಕಂಡ ತಕ್ಷಣ ಸಾಕಣೆಯವರು ಹುಳುವನ್ನೆಲ್ಲ ತಿಪ್ಪೆಗೆ ಸುರಿಯುವುದಿಲ್ಲ, ಇನ್ನೊಮ್ಮೆ ನೋಡುತ್ತಾರೆ. ಮನುಷ್ಯನ ಮಾತು ಬಂದಾಗಲೂ ಆ ಇನ್ನೊಮ್ಮೆ ಬೇಕು.